ಅಜ್ಜಿಯ ಗಂಗಾಳ ಮತ್ತೆ ಊಟಕ್ಕೆ: ಹಳೇ ಕಂಚು, ಹಿತ್ತಾಳೆ ಸಾಮಾನು ಬಳಸುವುದು ಹೇಗೆ?

ಎಳ್ಳಮವಾಸ್ಯೆ ಹತ್ತಿರ ಬಂತೆಂದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ನಮ್ಮ ಮಾಳಿಗೆ ಮನೆಯಲ್ಲಿ ನಾಗೊಂದಿಗೆ (ಗೋಡೆ ಮೇಲಿನ ಅಟ್ಟಣಿಗೆ) ಮೇಲಿನ ಗಂಗಾಳಗಳು, ಅಂದರೆ ಊಟದ ಕಂಚಿನ ತಟ್ಟೆಗಳು, ಕೆಳಗಿಳಿಯುತ್ತಿದ್ದವು. ಹೊಲದಲ್ಲಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಎರಚಿ), ಆ ಗಂಗಾಳಗಳಲ್ಲೇ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಉಣ್ಣುತ್ತಿದ್ದೆವು. ಮರುದಿನ ಮತ್ತೆ ಮೇಲಕ್ಕೆ. ಈಗ ನಾವು ದಿನಾ ಅವುಗಳಲ್ಲೇ ಉಣ್ಣುತ್ತೇವೆ. ದಿನಾ ತೊಳೆಯುವ ಗಂಗಾಳ ಅಷ್ಟು ಬೇಗ ಕಪ್ಪಾಗುವುದಿಲ್ಲ. ವರ್ಷಗಟ್ಟಲೆ ಗಂಟು ಕಟ್ಟಿಟ್ಟದ್ದೇ ಕೆಡುತ್ತದೆ. ನಿಮ್ಮ ಮನೆಯಲ್ಲೂ ಅಂಥ ಗಂಟು ಇದ್ದರೆ ಬಿಚ್ಚಿ.

ಮೊದಲ ಕೆಲಸ, ಯಾವುದು ಕಂಚು, ಯಾವುದು ಹಿತ್ತಾಳೆ ಎಂದು ಬೇರೆ ಮಾಡುವುದು. ಬೆರಳ ಗೆಣ್ಣಿನಿಂದ ಅಂಚಿಗೆ ಹೊಡೆಯಿರಿ. ಕಂಚಾದರೆ ಗುಡಿ ಗಂಟೆಯಂತೆ ದನಿ ಉದ್ದಕ್ಕೆ ನಿಲ್ಲುತ್ತದೆ. ಹಿತ್ತಾಳೆ ದನಿ ಬೇಗ ಅಡಗುತ್ತದೆ, ಬಣ್ಣವೂ ಜಾಸ್ತಿ ಹಳದಿ. ಕಂಚೆಂದರೆ ತಾಮ್ರ ಮತ್ತು ತವರ. ಗಂಟೆಗೆ ಬಳಸುವ ಕಂಚಿನಲ್ಲಿ 100 ಭಾಗಕ್ಕೆ ಸುಮಾರು 78 ತಾಮ್ರ, 22 ತವರ. ಹಿತ್ತಾಳೆಯಲ್ಲಿ ತಾಮ್ರದ ಜೊತೆ ಇರುವುದು ಸತು. ತವರ ಜಾಸ್ತಿ ಇರುವುದರಿಂದ ಕಂಚು ಗಟ್ಟಿ, ಆದರೆ ಪೆಡಸು. "ಹುಷಾರಿ, ಅದು ಕಂಚೈತಿ, ಬಿದ್ರ ಒಡೀತೈತಿ" ಎಂದು ಅಜ್ಜಿ ನಮ್ಮ ಕೈಗೆ ಕೊಡುವಾಗಲೆಲ್ಲ ಹೇಳುತ್ತಿದ್ದಳು. ನಿಜವಾಗಿಯೂ ಒಡೆಯುತ್ತದೆ.

ಇನ್ನು ಅಂಚು ನೋಡಿ. ಮದುವೆಯಲ್ಲಿ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿರುತ್ತಾರೆ, ಅಲ್ವಾ? ಆ ಜಾಗಕ್ಕೆ ತಂತಿ ಉಜ್ಜುಕ, ಮರಳು ತಾಗಿಸಲೇಬೇಡಿ. ನಾಲ್ಕು ಸಲ ಜೋರಾಗಿ ಉಜ್ಜಿದರೆ ಅಕ್ಷರ ಸವೆಯುತ್ತದೆ. ಸವೆದ ಹೆಸರು ಮತ್ತೆ ಬರುವುದಿಲ್ಲ.

ಆಮೇಲೆ ತೊಳೆಯುವುದು. ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ ಹಳೇ ಜಿಡ್ಡು ಬಿಡಿಸಿ. ನಿಂಬೆ ಗಾತ್ರದ ಹಳೇ ಹುಣಸೆಹಣ್ಣು ನೆನೆಸಿ, ಕಿವುಚಿ, ತೆಂಗಿನ ನಾರಿನಿಂದ ಗುಂಡಗೆ ಉಜ್ಜಿ. ಹುಣಸೆಯ ಹುಳಿ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಐದು ನಿಮಿಷ ಸಾಕು. ನಾನೊಮ್ಮೆ ಅವ್ವನ ಹಿತ್ತಾಳೆ ತಂಬಿಗೆಯನ್ನು ರಾತ್ರಿಯಿಡೀ ನಿಂಬೆರಸದಲ್ಲಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಕೆಂಪು ಬಣ್ಣಕ್ಕೆ ತಿರುಗಿತ್ತು. ಹುಳಿ ಸತುವನ್ನು ತಿಂದು ಮೇಲೆ ತಾಮ್ರ ಮಾತ್ರ ಉಳಿದಿತ್ತು. ಆ ತಂಬಿಗೆ ನೋಡಿದಾಗ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಕೊನೆಗೆ ಬಟ್ಟೆಯಲ್ಲಿ ಸೋಸಿದ ಒಲೆ ಬೂದಿಯಿಂದ ಹಗುರಾಗಿ ತಿಕ್ಕಿ, ತೊಳೆಯಿರಿ.

ತೊಳೆದ ಕೂಡಲೇ ಒಣ ಬಟ್ಟೆಯಿಂದ ಒರೆಸಿ. ನಮ್ಮ ಕಡೆ ಬೋರಿನ ನೀರು ಗಡಸು. ಸುಮ್ನೆ ಬೋರಲು ಹಾಕಿಟ್ಟರೆ ಬಿಳಿ ಕಲೆ ಕೂರುತ್ತದೆ.

ಕಲಾಯಿ, ಅಂದರೆ ಪಾತ್ರೆಯ ಒಳಗೆ ಬಳಿಯುವ ತವರದ ಪದರದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಕಂಚಿನ ಗಂಗಾಳಕ್ಕೆ ಕಲಾಯಿ ಬೇಡ. ಅಡುಗೆ ಮಾಡುವ ಹಿತ್ತಾಳೆ, ತಾಮ್ರದ ಪಾತ್ರೆಗೆ ಬೇಕೇ ಬೇಕು. ಒಳಗಿನ ಬೆಳ್ಳಿ ಬಣ್ಣ ಹೋಗಿ ಹಳದಿ ಅಥವಾ ಕೆಂಪು ಕಂಡರೆ ಕಲಾಯಿ ಸವೆದಿದೆ ಎಂದೇ ಅರ್ಥ. ಅಂಥದ್ದರಲ್ಲಿ ಪುಂಡಿ ಪಲ್ಯ, ಹುಳಿ ಸಾರು, ಮಜ್ಜಿಗೆ ಇಟ್ಟರೆ ಕಿಲುಬುತ್ತದೆ. ಬಾಯಿಗೆ ಕಹಿ, ಹೊಟ್ಟೆಗೂ ಕೆಡುಕು. ಕಲಾಯಿ ಮಾಡುವವರು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಕರಗಿಸಿ ಅರಳೆಯಿಂದ ಒಳಗೆಲ್ಲ ಬಳಿಯುತ್ತಾರೆ. ಸೀಸ ಬೆರೆಸದ ತವರವೇ ಬೇಕೆಂದು ಕೇಳಿ. ಸೀಸ ವಿಷ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಹಾಗಾಗಿ ಕಲಾಯಿ ಪಾತ್ರೆಯನ್ನು ಬರಿದಾಗಿ ಉರಿಯ ಮೇಲೆ ಇಡಬೇಡಿ, ಅದರಲ್ಲಿ ಶೇಂಗಾ ಹುರಿಯಬೇಡಿ. ತಿರುವಲು ಕಟ್ಟಿಗೆಯ ಹುಟ್ಟೇ ಇರಲಿ.

ಉಣ್ಣುವಾಗ ಅಡ್ಡಣಿಗೆ (ತಟ್ಟೆ ಇಡುವ ಸಣ್ಣ ಪೀಠ) ಮೇಲೆ ಗಂಗಾಳ ಇಟ್ಟು ಕೂತರೆ ಬೀಳುವ ಭಯ ಕಡಿಮೆ. ಬಿಸಿ ರೊಟ್ಟಿ, ಪಲ್ಯ ಎಲ್ಲ ಬಡಿಸಬಹುದು. ಹುಳಿ ಪದಾರ್ಥ ಮಾತ್ರ ಉಂಡು ಮುಗಿಸಿ, ಅದರಲ್ಲೇ ಮುಚ್ಚಿಡಬೇಡಿ. ಗಂಗಾಳವನ್ನೇ ಒಲೆ ಮೇಲಿಟ್ಟು ಬಿಸಿ ಮಾಡುವುದು ಬೇಡ, ಬಿರುಕು ಬಿಟ್ಟೀತು.

ಎತ್ತಿಡುವುದಾದರೆ ಒಂದೊಂದರ ನಡುವೆ ಹಳೇ ಧೋತರದ ತುಂಡು ಹಾಕಿ, ಉಪ್ಪಿನ ಭರಣಿಯಿಂದ ದೂರ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ನಿಲ್ಲುತ್ತದೆ.

ಹೊಡೆದಾಗ ದನಿ ಬೊದ್ದಾಗಿ ಬಂದರೆ ಎಲ್ಲೋ ಸೀಳಿದೆ ಎಂದು ತಿಳಿಯಿರಿ. ಅದರಲ್ಲಿ ಊಟ ಬೇಡ, ಸೀಳಿನಲ್ಲಿ ಅನ್ನದ ಅಗಳು ಕೂತು ಹಳಸುತ್ತದೆ. ನಮ್ಮ ಅಜ್ಜಿಯ ಗಂಗಾಳವೂ ಒಂದು ಹಾಗಾಗಿದೆ. ಮುರಿದ ಸಾಮಾನಿನ ತೂಕಕ್ಕೆ ಹಾಕಲು ಮನಸ್ಸು ಬರಲಿಲ್ಲ. ಈಗ ದೇವರ ಜಗಲಿ ಮೇಲೆ ವಿಭೂತಿ, ಕುಂಕುಮದ ಬಟ್ಟಲುಗಳು ಅದರಲ್ಲಿ ಕೂತಿವೆ. ಅಂಚಿನಲ್ಲಿ ಅಜ್ಜಿಯ ತವರುಮನೆಯವರು ಕೊರೆಸಿದ ಹೆಸರು ಇನ್ನೂ ಓದಲು ಬರುತ್ತದೆ.