ಆಷಾಢದ ಕಲ್ಯಾಣಮಂಟಪದಲ್ಲಿ ಪೈಥಾನ್ ಸಮ್ಮೇಳನ: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಟಿಕೆಟ್ ಇಟ್ಟು, ಭಾನುವಾರ, ಅದೂ ಆಷಾಢದ ಜಿಟಿಜಿಟಿ ಮಳೆಯಲ್ಲಿ ಸಮ್ಮೇಳನ ನಡೆಸುವುದು ಆಗದ ಮಾತೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ನಮ್ಮ ಬಳಗದ ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದ್ದರು. "ರೊಕ್ಕಾ ಕೊಟ್ಟು ಭಾಷಣ ಕೇಳಾಕ ಯಾರ್ ಬರ್ತಾರೋ?" ಎಂಬುದು ಅವರ ಪ್ರಶ್ನೆಯಾಗಿತ್ತು. 2025ರ ಆಷಾಢದಲ್ಲಿ ಸುಮಾರು 180 ಜನ ರೊಕ್ಕ ಕೊಟ್ಟು ಬಂದರು, ಸಂಜೆಯವರೆಗೂ ಕುಳಿತರು, ಲೆಕ್ಕ ಮುಗಿದಾಗ ಐದಾರು ಸಾವಿರ ರೂಪಾಯಿ ಉಳಿದಿತ್ತು. ಇಂಥದ್ದನ್ನೇ ಮಾಡಬೇಕೆಂದಿರುವ ಇತರ ಊರಿನವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಅದಕ್ಕೂ ಮೊದಲಿನ ಸಮ್ಮೇಳನ ಉಚಿತವಾಗಿತ್ತು ಮತ್ತು ಒಂದು ಕಾಲೇಜಿನ ಸಭಾಂಗಣದಲ್ಲಿ ನಡೆದಿತ್ತು. ಸಭಾಂಗಣಕ್ಕೆ ಬಾಡಿಗೆ ಇರಲಿಲ್ಲ, ಆದರೆ ದೀಪ ಬೆಳಗುವುದು, ಸ್ವಾಗತ, ಶಾಲು, ಸನ್ಮಾನ, ಅಧ್ಯಕ್ಷರ ನುಡಿ ಎಲ್ಲ ಸೇರಿ ಮೊದಲ ಒಂದೂವರೆ ಗಂಟೆ ಕಳೆದುಹೋಯಿತು. ಹೆಸರು ನೋಂದಾಯಿಸಿದವರು ಮುನ್ನೂರರ ಹತ್ತಿರ, ಬಂದವರು ನೂರು ಚಿಲ್ಲರೆ. ಇನ್ನೂರೈವತ್ತು ಜನರಿಗೆ ಮಾಡಿಸಿದ ಅಡುಗೆಯಲ್ಲಿ ಅರ್ಧಕ್ಕರ್ಧ ಉಳಿದು, ಇಪ್ಪತ್ತೈದು ಸಾವಿರದಷ್ಟು ನಷ್ಟವನ್ನು ನಾವು ಐದು ಜನ ಹಂಚಿಕೊಂಡೆವು. ಪುಕ್ಕಟೆ ಟಿಕೆಟ್ ತೆಗೆದುಕೊಂಡವನಿಗೆ ಭಾನುವಾರ ಬೆಳಿಗ್ಗೆ ಮಳೆ ಬಂದರೆ ಹಾಸಿಗೆ ಬಿಡಲು ಕಾರಣವೇ ಇರುವುದಿಲ್ಲ ಎಂಬುದು ಅಂದೇ ಖಚಿತವಾಯಿತು.

ಕಲ್ಯಾಣಮಂಟಪದ ಯೋಚನೆ ಬಂದದ್ದು ಬಾಡಿಗೆ ವಿಚಾರಿಸುತ್ತ ಅಲೆಯುವಾಗ. ಮದುವೆಯ ಹಂಗಾಮಿನಲ್ಲಿ ಲಕ್ಷದ ಮೇಲೆ ಹೇಳುವ ಮಂಟಪವು ಆಷಾಢದಲ್ಲಿ ಮೂವತ್ತೈದು ಸಾವಿರಕ್ಕೆ ಸಿಕ್ಕಿತು. ಅದರಲ್ಲಿ ಜನರೇಟರ್, ಊಟದ ಹಾಲ್, ಪಾತ್ರೆ, ವಾಹನ ನಿಲ್ಲಿಸಲು ಜಾಗ, ಕಸ ಗುಡಿಸುವವರು ಎಲ್ಲವೂ ಸೇರಿದ್ದವು. ಮುಖ್ಯವಾದ ಸಂಗತಿಯೆಂದರೆ ಆ ತಿಂಗಳು ಮಂಟಪವೊಂದೇ ಅಲ್ಲ, ಮದುವೆಗಳನ್ನೇ ನಂಬಿದ ಅಡುಗೆಯವರು, ಧ್ವನಿವರ್ಧಕದವರು, ಎಲ್‌ಇಡಿ ಪರದೆಯವರು, ವಿಡಿಯೊದವರು ಎಲ್ಲರೂ ಕೆಲಸವಿಲ್ಲದೆ ಕುಳಿತಿರುತ್ತಾರೆ. ಹೀಗಾಗಿ ಪ್ರೊಜೆಕ್ಟರಿಗೆ ತೆಗೆದಿರಿಸಿದ ಹಣಕ್ಕೆ ಸ್ವಲ್ಪವೇ ಸೇರಿಸಿದಾಗ ಎಲ್‌ಇಡಿ ಪರದೆಯೇ ಬಂದಿತು. ಹಗಲು ಬೆಳಕಿನಲ್ಲಿ ಹಿಂದಿನ ಸಾಲಿನವರಿಗೂ ಕೋಡ್ ಓದಲು ಬಂತು.

ತೊಂದರೆ ಇದ್ದದ್ದು ಪ್ರತಿಧ್ವನಿಯದು. ಎತ್ತರದ ಛಾವಣಿ, ಟೈಲ್ಸ್ ಗೋಡೆ, ಮೇಲೆ ತಗಡಿನ ಮೇಲೆ ಮಳೆ. ವಾಲಗಕ್ಕೆ ಹೊಂದುವ ಆ ಹಾಲ್ ಮಾತಿಗೆ ಹೊಂದುವುದಿಲ್ಲ. ಹಿಂದಿನ ಗೋಡೆಗೆ ಶಾಮಿಯಾನದವರ ದಪ್ಪ ಪರದೆಗಳನ್ನು ಎರಡು ಪದರ ಇಳಿಬಿಡಿಸಿ, ದೊಡ್ಡ ಸ್ಪೀಕರುಗಳನ್ನು ತೆಗೆಸಿ, ಸಣ್ಣವನ್ನು ಗೋಡೆಗುಂಟ ನಾಲ್ಕು ಕಡೆ ಇಡಿಸಿದ ಮೇಲೆ ಮಾತು ಸ್ಪಷ್ಟವಾಯಿತು. ವಿಡಿಯೊದವರಿಗೆ ಪರದೆಗಿಂತ ಸಭಿಕರ ಮುಖ ತೆಗೆಯುವುದೇ ರೂಢಿಯಾದ್ದರಿಂದ, ಸ್ಲೈಡುಗಳನ್ನು, ಲ್ಯಾಪ್‌ಟಾಪಿನ ಚಿತ್ರವನ್ನು ಎರಡು ಕಡೆ ಕಳಿಸುವ ಎಚ್‌ಡಿಎಂಐ ಸ್ಪ್ಲಿಟರಿನಿಂದ ನೇರವಾಗಿ ದಾಖಲಿಸಿಕೊಳ್ಳುವುದು ಒಳ್ಳೆಯದು. ಸಭಿಕರಿಗೆ ವೈಫೈ ಕೊಡಲಿಲ್ಲ. ಕಾಲೇಜಿನ ಸಮ್ಮೇಳನದಲ್ಲಿ ಒಬ್ಬೊಬ್ಬರು ಎರಡು ಮೂರು ಸಾಧನಗಳನ್ನು ಜೋಡಿಸಿ, ಸಾಧನಕ್ಕೊಂದರಂತೆ ಬೇಕಾಗುವ ರೌಟರಿನ 254 ನೆಟ್‌ವರ್ಕ್ ವಿಳಾಸಗಳು ಮಧ್ಯಾಹ್ನದೊಳಗೆ ಮುಗಿದಿದ್ದವು. ಈ ಸಲ ಭಾಷಣಕಾರರಿಗೆ ಮಾತ್ರ ಒಂದು ತಂತಿ ಎಳೆಸಿದೆವು.

ಬೆಂಗಳೂರಿನ ಭಾಷಣಕಾರರಿಗೆ ಹೋಟೆಲ್ ಖರ್ಚು ಬೀಳಲಿಲ್ಲ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹುಬ್ಬಳ್ಳಿ ತಲುಪುತ್ತದೆ. ಅವರು ವಧುವಿನ ಹಾಗೂ ವರನ ಕೋಣೆಗಳಲ್ಲಿ ಸ್ನಾನ ಮುಗಿಸಿ ಉಪ್ಪಿಟ್ಟು-ಶಿರಾ ತಿಂದು ವೇದಿಕೆ ಏರಿದರು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಂಜೆ ಗಿರ್ಮಿಟ್, ಮಿರ್ಚಿ ಭಜಿ, ಚಹಾ. ಎಲ್ಲ ಸೇರಿ ಒಬ್ಬರಿಗೆ ಇನ್ನೂರ ನಲವತ್ತರ ಆಸುಪಾಸು ಬಿದ್ದಿತು. ಕಡಕ್ ರೊಟ್ಟಿಯನ್ನು ರೊಟ್ಟಿ ಮಾಡುವ ಹೆಣ್ಣುಮಕ್ಕಳಿಂದ ನೇರವಾಗಿ ಕೊಂಡಿರದಿದ್ದರೆ ಆ ದರದಲ್ಲಿ ಮುಗಿಯುತ್ತಿರಲಿಲ್ಲ.

ಒಟ್ಟು ಖರ್ಚು ಒಂದು ಲಕ್ಷ ಮೂವತ್ತೈದು ಸಾವಿರದ ಸುತ್ತ. ಟಿಕೆಟ್ ನಾಲ್ಕು ನೂರು, ವಿದ್ಯಾರ್ಥಿಗಳಿಗೆ ನೂರೈವತ್ತು. ಅದರಿಂದ ಬಂದದ್ದು ಐವತ್ತೇಳು ಸಾವಿರದಷ್ಟು. ಆನ್‌ಲೈನಿನಲ್ಲಿ ಟಿಕೆಟ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಶೇಕಡಾ ಎರಡು ಮತ್ತು ಅದರ ಮೇಲೆ ಜಿಎಸ್‌ಟಿ ಕತ್ತರಿಸಿಕೊಳ್ಳುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಉಳಿದದ್ದು ಪ್ರಾಯೋಜಕರದು. ದೊಡ್ಡ ಕಂಪನಿಯೊಂದು ಹಿಂದೆ ಒಂದು ಲಕ್ಷ ಒಪ್ಪಿಕೊಂಡು, ವೆಂಡರ್ ನೋಂದಣಿ, ಪಿಓ (ಖರೀದಿ ಆದೇಶ), ಜಿಎಸ್‌ಟಿ ಬಿಲ್ಲು ಎಂದು ತಿಂಗಳುಗಟ್ಟಲೆ ಸುತ್ತಾಡಿಸಿ, ಸಮ್ಮೇಳನ ಮುಗಿದ ಎರಡು ತಿಂಗಳಿಗೆ ಟಿಡಿಎಸ್ ತೆರಿಗೆ ಹಿಡಿದು ಹಣ ಕಳಿಸಿತ್ತು. ಇಪ್ಪತ್ತು ಲಕ್ಷದೊಳಗಿನ ವಹಿವಾಟಿನ ನಮ್ಮಂಥ ಬಳಗಕ್ಕೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ಬಿಲ್ಲು ಎಲ್ಲಿಂದ ತರುವುದು? ಆದ್ದರಿಂದ ಈ ಸಲ ಊರಿನಲ್ಲೇ ಕಚೇರಿಯಿರುವ ಮೂವರಿಂದ ಇಪ್ಪತ್ತೈದು ಸಾವಿರದಂತೆ, ಒಂದು ಕಂಪ್ಯೂಟರ್ ಅಂಗಡಿಯಿಂದ ಹತ್ತು ಸಾವಿರ ಪಡೆದೆವು. ಅಷ್ಟು ಮೊತ್ತಕ್ಕೆ ಕಚೇರಿಯ ಮುಖ್ಯಸ್ಥರೇ ಸಹಿ ಹಾಕಬಲ್ಲರು. ಹಣ ಬಂದ ಮೇಲೆಯೇ ಲೋಗೊ ಅಚ್ಚಾಗುವುದು ಎಂಬ ನಿಯಮವನ್ನು ಯಾರಿಗೂ ಸಡಿಲಿಸಲಿಲ್ಲ.

2009ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ನಡೆದ ಮೊದಲ ಪೈಕಾನ್ ಇಂಡಿಯಾವನ್ನು (ಪೈಥಾನ್ ಬಳಸುವವರ ರಾಷ್ಟ್ರೀಯ ಸಮ್ಮೇಳನ) ಕಂಡ ಹಿರಿಯರು ಇಲ್ಲಿ ಮೂರು ಸಮಾನಾಂತರ ಗೋಷ್ಠಿಗಳಿರಲಿ ಎಂದರು. ನಾನು ಒಪ್ಪಲಿಲ್ಲ. ಒಂದೇ ವೇದಿಕೆ, ಇಪ್ಪತ್ತೈದು ನಿಮಿಷದ ಆರು ಭಾಷಣ, ಕನ್ನಡದಲ್ಲಿ ಮಾತನಾಡಲು ಮುಕ್ತ ಅವಕಾಶ, ಒಂದೂವರೆ ಗಂಟೆಯ ಊಟದ ವಿರಾಮ, ಆಮೇಲೆ ಊಟದ ಮೇಜುಗಳಲ್ಲೇ ಬೇಕಾದವರು ಬೇಕಾದ ವಿಷಯದ ಮೇಲೆ ಗುಂಪು ಚರ್ಚೆ. ಕೊನೆಯಲ್ಲಿ ಐದೈದು ನಿಮಿಷದ ಮಿಂಚು ಭಾಷಣಗಳು. ಸಮಯ ಮುಗಿದೊಡನೆ ಸ್ಪೀಕರಿನಿಂದ ಗಟ್ಟಿಮೇಳ. ಮೊದಲಿನವರು ಬೆಚ್ಚಿಬಿದ್ದರು, ನಂತರದವರು ಗಟ್ಟಿಮೇಳಕ್ಕೆ ಮೊದಲೇ ಮುಗಿಸಲು ಪೈಪೋಟಿ ನಡೆಸಿದರು. ಜಾಹೀರಾತಿನ ಭಾಷಣಗಳು ನುಸುಳದಂತೆ ಪ್ರಸ್ತಾವದ ಅರ್ಜಿಯಲ್ಲಿ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ಎಲ್ಲರೂ ಉತ್ತರ ಸಿದ್ಧಪಡಿಸಿಕೊಂಡೇ ಬರುತ್ತಾರೆ.

ಬ್ಯಾಡ್ಜುಗಳ ಮೇಲೆ ಹೆಸರು ಕನ್ನಡದಲ್ಲೇ ಇರಲೆಂಬ ಹಟಕ್ಕೆ ಎರಡು ಮೂರು ರಾತ್ರಿಗಳು ಹೋದವು. ಮೊದಲು ಬಳಸಿದ ಪಿಡಿಎಫ್ ಲೈಬ್ರರಿಯು (ಪಿಡಿಎಫ್ ತಯಾರಿಸುವ ಸಿದ್ಧ ಕೋಡ್) ಒತ್ತಕ್ಷರಗಳನ್ನು ಬಿಡಿಸಿ ಪಕ್ಕಕ್ಕೆ ಇಡುತ್ತಿತ್ತು; ಶ್ರೀಕೃಷ್ಣರಂಥವರ ಹೆಸರು ಓದಲು ಬಾರದಂತಾಗುತ್ತಿತ್ತು. ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ವಿನ್ಯಾಸ ಮಾಡಿ, ಅದನ್ನು ಪಿಡಿಎಫ್ ಮಾಡುವ ವೀಸಿಪ್ರಿಂಟ್‌ಗೆ ಕೊಟ್ಟಾಗ, ಅದು ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವುದರಿಂದ, ಎಲ್ಲವೂ ಸರಿಯಾಗಿ ಮೂಡಿದವು. ಹೆಸರಿನ ಕೆಳಗೆ "ನನ್ನನ್ನು ಇದರ ಬಗ್ಗೆ ಕೇಳಿ" ಎಂದು ಖಾಲಿ ಸಾಲು ಬಿಟ್ಟಿದ್ದೆವು. ಮೊದಲ ಪರಿಚಯದ ಮುಜುಗರವನ್ನು ಅದು ಕಳೆಯಿತು.

ದಿನಾಂಕ ಗೊತ್ತುಮಾಡುವ ಮೊದಲು ಪಂಚಾಂಗ ನೋಡುವುದು ಅಗತ್ಯ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆಷಾಢವು ಜುಲೈ ಮಧ್ಯಕ್ಕೆ ಸರಿಯುತ್ತದೆ. ಮೇ ಮಧ್ಯದಿಂದ ಜೂನ್ ಮಧ್ಯದವರೆಗಿನ ಅಧಿಕ ಮಾಸದಲ್ಲೂ ಮದುವೆಗಳು ಇಲ್ಲದಿರುವುದರಿಂದ ಮಂಟಪಗಳು ಅಗ್ಗವೇ, ಆದರೆ ಆಗ ಸೆಕೆ ಹೆಚ್ಚು, ವಿದ್ಯಾರ್ಥಿಗಳಿಗೆ ಪರೀಕ್ಷೆ. ಹಾಗಾಗಿ ಆಷಾಢದ ಒಂದು ಭಾನುವಾರಕ್ಕೇ ಐದು ಸಾವಿರ ಮುಂಗಡ ಕೊಟ್ಟು ಬಂದಿದ್ದೇವೆ.