ರಸ್ತೆ ಗಡಿಯಲ್ಲಿ ನಿಲ್ಲದಿರಲಿ: ಅಕ್ಕಪಕ್ಕದ ಪಂಚಾಯಿತಿಗಳು ಸೇರಿ ಯೋಜಿಸುವ ಬಗೆ

ತೀರ್ಥಹಳ್ಳಿ ಕಡೆಯ ಊರಿನಿಂದ ಕೊಪ್ಪದ ಕಡೆಗೆ ರಸ್ತೆ ಬೇಕೆಂದರೆ ನಡುವೆ ಜಿಲ್ಲೆಯ ಗಡಿಯೇ ಬರುತ್ತದೆ. ಈಚೆ ಶಿವಮೊಗ್ಗ, ಆಚೆ ಚಿಕ್ಕಮಗಳೂರು. ಜಿಲ್ಲಾ ಪಂಚಾಯಿತಿ ಎರಡು, ಅರಣ್ಯ ವಿಭಾಗವೂ ಎರಡು. ಇಬ್ಬರೂ ತಮ್ಮ ಪಾಡಿಗೆ ಅರ್ಜಿ ಹಾಕಿದರೆ ಒಂದು ಕಡೆ ಡಾಂಬರು ಬೀಳುತ್ತದೆ, ಇನ್ನೊಂದು ಕಡೆ ಕೆಸರೇ ಉಳಿಯುತ್ತದೆ. ಅಂಥ ದಾರಿಗೆ ಬಸ್ಸು ಬರುವುದಿಲ್ಲ.

ಮೊದಲು ಎರಡೂ ಗ್ರಾಮಗಳ ನಕಾಶೆ ತರಿಸಿ, ಗಡಿಕಲ್ಲುಗಳನ್ನು ಹಿಡಿದು ಜೋಡಿಸಿ ನೋಡಿ. ಒಂದರಲ್ಲಿ ಕಾಣುವ ಬಂಡಿದಾರಿ ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡೂ ತಾಲ್ಲೂಕಿನ ಭೂಮಾಪಕರಿಂದ ಜಂಟಿ ಸರ್ವೆ ಮಾಡಿಸಿ. ದಿಶಾಂಕ್ ಆ್ಯಪ್ ಸರ್ವೆ ನಂಬರ್ ತಿಳಿಯಲು ಸಾಕು, ಗಡಿ ತೀರ್ಮಾನಕ್ಕೆ ಸಾಲದು. ತೋಟದ ಅಂಚು ಬಿಟ್ಟುಕೊಡುವವರಿಂದ ನೋಂದಾಯಿತ ದಾನಪತ್ರವನ್ನೇ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಮನೆ ಹಿಸ್ಸೆಯಾಗುವವರೆಗೆ ಮಾತ್ರ. ಆಮೇಲೆ ದಾರಿಗೆ ಬೇಲಿ ಬರುತ್ತದೆ.

ಜುಲೈ ಮಳೆಯಲ್ಲೇ ಇಡೀ ದಾರಿ ನಡೆಯಬೇಕು. ಎರಡೂ ಕಡೆಯ ಅಧ್ಯಕ್ಷರು, ಪಿಡಿಒಗಳು, ಪಂಚಾಯತ್ ರಾಜ್ ಎಂಜಿನಿಯರ್‌ಗಳು ಜೊತೆಗಿರಲಿ. ನೀರು ಎಲ್ಲಿ ದಾರಿ ದಾಟುತ್ತದೆ, ಧರೆ ಎಲ್ಲಿ ಜರಿದಿದೆ ಎಂಬುದು ಬೇಸಿಗೆಯಲ್ಲಿ ಕಾಣುವುದಿಲ್ಲ. ಮೋರಿಗೆ 1,000 ಮಿ.ಮೀ. ವ್ಯಾಸದ ಪೈಪು ಕೇಳಿ. ಚಿಕ್ಕದರಲ್ಲಿ ದರಗು, ಕೊಂಬೆ ಸಿಕ್ಕಿಕೊಂಡರೆ ಒಳಗೆ ಕೈ ಹಾಕಿ ತೆಗೆಯಲಾಗದು, ನೀರು ರಸ್ತೆಯ ಮೇಲೇ ಹರಿಯುತ್ತದೆ. 3.75 ಮೀಟರ್ ಅಗಲದ ಡಾಂಬರು ರಸ್ತೆಯ ನಡುಭಾಗ ಅಂಚಿಗಿಂತ ಸುಮಾರು 6.5 ಸೆಂ.ಮೀ. ಎತ್ತರ ಇರಲಿ. ಮಲೆನಾಡಿನಲ್ಲಿ ರಸ್ತೆ ಕೆಡುವುದು ಗಾಡಿಯಿಂದ ಅಲ್ಲ, ನಿಂತ ನೀರಿನಿಂದ.

ಅರಣ್ಯಭೂಮಿ ಅಡ್ಡ ಬಂದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಓದಿಕೊಳ್ಳಿ. ಗ್ರಾಮಸಭೆಯ ಶಿಫಾರಸಿನ ಮೇಲೆ ಅರಣ್ಯವಾಸಿಗಳ ಊರಿನ ರಸ್ತೆಗೆ 1 ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಲು ಅದರಲ್ಲಿ ಅವಕಾಶವಿದೆ. ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು. 6 ಮೀಟರ್ ಅಗಲ ಹಿಡಿದರೆ 1,660 ಮೀಟರಿಗೇ ಆ ಮಿತಿ ಮುಗಿಯುತ್ತದೆ. ಅದಕ್ಕಿಂತ ಉದ್ದವಾದರೆ ಅರಣ್ಯ ಅನುಮತಿಗೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸುವ ದೊಡ್ಡ ದಾರಿಯೇ ಗತಿ, ಆದ್ದರಿಂದ ಹಳೆಯ ಬಂಡಿದಾರಿಯನ್ನು ಆದಷ್ಟು ಬಿಡಬೇಡಿ.

ಇನ್ನು ಠರಾವು. ಎರಡೂ ಪಂಚಾಯಿತಿಗಳ ಠರಾವಿನ ಒಕ್ಕಣೆ ಅಕ್ಷರಶಃ ಒಂದೇ ಇರಲಿ: ಸರ್ವೆ ನಂಬರ್, ಅಗಲ, ಮೋರಿಗಳ ಜಾಗ, ಗಡಿಕಲ್ಲಿನ ಬಳಿ ರಸ್ತೆಯ ಮಟ್ಟ. ಗಡಿಹಳ್ಳದ ಸಂಕವನ್ನು ಅರ್ಧ ನಿಮಗೆ, ಅರ್ಧ ನಮಗೆ ಎಂದು ಹಂಚಬೇಡಿ. ಯಾರಾದರೂ ಒಬ್ಬರು ಪೂರ್ತಿ ವಹಿಸಿಕೊಂಡು ತಮ್ಮ ಕ್ರಿಯಾಯೋಜನೆಗೆ ಸೇರಿಸಲಿ. ಪ್ರತಿ ಮೇ ತಿಂಗಳು ಚರಂಡಿ ಬಿಡಿಸುವುದು ಯಾರು, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಅದೇ ಠರಾವಿನಲ್ಲಿ ಬರೆಸಿ.