ಲಿಮಿಟ್ ಇಲ್ಲ ಅಂತ ತೋರಿಸುವ ದಾರಿಯನ್ನು ನಾನು ಹುಡುಕುವ ರೀತಿ

ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ, ಸಂಜೆ ಹೊತ್ತು ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಎರಡು ಚರಾಕ್ಷರಗಳ ಲಿಮಿಟ್ (ಒಂದು ಬಿಂದುವಿಗೆ ಹತ್ತಿರ ಹೋದಂತೆ ಫಂಕ್ಷನ್ನಿನ ಬೆಲೆ ಯಾವ ಸಂಖ್ಯೆಗೆ ಹತ್ತಿರವಾಗುತ್ತದೋ ಅದು) ಪಾಠ ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಲಿಮಿಟ್ ಇಲ್ಲ ಅಂತ ತೋರಿಸಲು ಒಂದು ಲೆಕ್ಕದಲ್ಲಿ ನಾನು ವೈ = ಎಕ್ಸ್² ಅನ್ನುವ ದಾರಿ ಹಿಡಿದಿದ್ದೆ. ಕಡೂರಿನಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಅದನ್ನು ಚೆನ್ನಾಗಿ ಕೇಳಿದಳು: "ಮೇಡಂ, ನೀವು ವೈ = ಎಕ್ಸ್² ತಗೊಂಡ ಮೇಲೆ ಎಲ್ಲ ಅರ್ಥ ಆಗುತ್ತೆ. ಆದ್ರೆ ಅದನ್ನೇ ತಗೋಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?" ಇದಕ್ಕೆ "ಜಾಸ್ತಿ ಲೆಕ್ಕ ಮಾಡು, ತಾನಾಗೇ ಬರುತ್ತೆ" ಅಂದರೆ ಸಾಲದು. ಯಾವ ದಾರಿ ಹಿಡಿಯಬೇಕು ಅನ್ನುವುದು ಆ ಫಂಕ್ಷನ್ನಿನೊಳಗೇ ಇರುತ್ತದೆ. ಅದನ್ನು ಹೊರಗೆ ತೆಗೆಯಲು ನಾನು ಏನು ಮಾಡುತ್ತೇನೆ ಅಂತ ಬರೆಯುತ್ತೇನೆ.

ಮೊದಲು ಮೂಲ ಮಾತು. ಒಂದೇ ಚರಾಕ್ಷರ ಇದ್ದರೆ ಒಂದು ಬಿಂದುವಿಗೆ ಎಡದಿಂದ ಬರಬಹುದು, ಬಲದಿಂದ ಬರಬಹುದು, ಮುಗೀತು. ಎರಡಿದ್ದರೆ ದಾರಿಗಳಿಗೆ ಲೆಕ್ಕವೇ ಇಲ್ಲ. ಲಿಮಿಟ್ ಇದೆ ಅನ್ನಬೇಕಾದರೆ ಯಾವ ದಾರಿಯಲ್ಲಿ ಬಂದರೂ ಒಂದೇ ಸಂಖ್ಯೆ ಸಿಗಬೇಕು. ಹಾಗಾಗಿ ಎರಡು ದಾರಿಯಲ್ಲಿ ಎರಡು ಬೇರೆ ಸಂಖ್ಯೆ ಸಿಕ್ಕರೆ ಸಾಕು, ಲಿಮಿಟ್ ಇಲ್ಲ. ನೂರು ದಾರಿಯಲ್ಲಿ ಒಂದೇ ಸಂಖ್ಯೆ ಬಂದರೂ ಲಿಮಿಟ್ ಇದೆ ಅಂತ ಸಾಬೀತಾಗುವುದಿಲ್ಲ. ಒಂದು ಎಚ್ಚರಿಕೆ: ದಾರಿ ಆ ಬಿಂದುವಿಗೆ ಬಂದು ಸೇರಲೇಬೇಕು. ಬಿಂದು (1, 0) ಆಗಿದ್ದಾಗ ವೈ = ಎಂ·ಎಕ್ಸ್ (ಮೂಲಬಿಂದು (0, 0) ಮೂಲಕ ಹೋಗುವ ಸರಳರೇಖೆ, ಎಂ ಅದರ ಇಳಿಜಾರು) ಹಾಕುವವರು ತುಂಬಾ ಜನ. ಅಲ್ಲಿ ವೈ = ಎಂ·(ಎಕ್ಸ್ − 1) ಆಗಬೇಕು.

ಎಲ್ಲರೂ ಶುರು ಮಾಡುವುದು ಎಕ್ಸ್·ವೈ ÷ (ಎಕ್ಸ್² + ವೈ²) ಇಂದ. ಇಲ್ಲಿಂದ ಮುಂದೆ ಎಲ್ಲ ಲೆಕ್ಕದಲ್ಲೂ ಬಿಂದು (0, 0). ವೈ = ಎಂ·ಎಕ್ಸ್ ಹಾಕಿದರೆ ಎಕ್ಸ್² ಹೊಡೆದುಹೋಗಿ ಎಂ ÷ (1 + ಎಂ²) ಉಳಿಯುತ್ತದೆ. ಎಂ = 0 ಆದರೆ ಬೆಲೆ 0, ಎಂ = 1 ಆದರೆ 1/2. ಲಿಮಿಟ್ ಇಲ್ಲ. ಹೆಚ್ಚಿನವರು ಇಲ್ಲಿಗೆ ಪುಟ ತಿರುಗಿಸುತ್ತಾರೆ. ನಾನು ಮಾತ್ರ ಇಲ್ಲೇ ಸ್ವಲ್ಪ ಹೊತ್ತು ನಿಲ್ಲಿಸುತ್ತೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ಬೇಕಾದ ವಿಷಯ ಇಲ್ಲಿದೆ. ಒಂದು ಸರಳರೇಖೆಯ ಮೇಲೆ ನಡೆಯುತ್ತಿರುವಷ್ಟೂ ಹೊತ್ತು ಈ ಫಂಕ್ಷನ್ನಿನ ಬೆಲೆ ಬದಲಾಗುವುದೇ ಇಲ್ಲ, ಗಮನಿಸಿದ್ರಾ? ವೈ = ಎಕ್ಸ್ ಮೇಲೆ ಎಲ್ಲಿ ನಿಂತರೂ 1/2.

ನಮ್ಮ ಮುಳ್ಳಯ್ಯನಗಿರಿಯ ಸರ್ವೆ ನಕ್ಷೆ ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ಎಳೆದ ಕಾಂಟೂರ್ ಗೆರೆಗಳು ಗುಡ್ಡವನ್ನು ಸುತ್ತುತ್ತಾ ಹೋಗುತ್ತವೆ, 1,800 ಮೀಟರಿನ ಗೆರೆ 1,900ರ ಗೆರೆಯನ್ನು ಮುಟ್ಟುವುದಿಲ್ಲ, ತುದಿಗೆ ಬಂದರೆ 1,930 ಅನ್ನುವ ಒಂದೇ ಎತ್ತರ. ನಮ್ಮ ಫಂಕ್ಷನ್ನಿಗೂ ಇಂಥದ್ದೇ ನಕ್ಷೆ ಬರೆಯಿರಿ. ಕಾಂಟೂರ್‌ಗಳೆಲ್ಲ ಸರಳರೇಖೆಗಳು, ಎಲ್ಲವೂ (0, 0)ಕ್ಕೇ ಬಂದು ಸೇರುತ್ತವೆ, ಬೇರೆ ಬೇರೆ ಎತ್ತರ ಹೊತ್ತು ಬರುತ್ತವೆ. ಆ ಬಿಂದುವಿಗೆ ಯಾವ ಎತ್ತರ ಕೊಡುತ್ತೀರಿ? ಕೊಡಲು ಆಗುವುದಿಲ್ಲ.

ಇದನ್ನು ನೋಡಿದ ಮೇಲೆ ನನ್ನ ಕೆಲಸ ಸುಲಭ. ದಾರಿ ಊಹಿಸುವುದನ್ನು ಬಿಟ್ಟು ಕಾಂಟೂರ್ ಹುಡುಕುತ್ತೇನೆ. ಅಂದರೆ ಫಂಕ್ಷನ್ = ಕೆ (ಕೆ ಒಂದು ಸ್ಥಿರ ಸಂಖ್ಯೆ, ಆ ಕಾಂಟೂರಿನ ಎತ್ತರ) ಅಂತ ಬರೆದು ವೈ ಬಿಡಿಸುತ್ತೇನೆ.

ಈಗ ಆ ಹುಡುಗಿ ಕೇಳಿದ ಲೆಕ್ಕ: ಎಕ್ಸ್²·ವೈ ÷ (ಎಕ್ಸ್⁴ + ವೈ²). ವೈ = ಎಂ·ಎಕ್ಸ್ ಹಾಕಿದರೆ ಎಂ·ಎಕ್ಸ್ ÷ (ಎಕ್ಸ್² + ಎಂ²) ಬರುತ್ತದೆ, ಎಂ ಏನೇ ಇದ್ದರೂ ಲಿಮಿಟ್ 0. ಎರಡು ಅಕ್ಷಗಳ ಮೇಲೂ 0. ಇಷ್ಟಾದ ಮೇಲೆ ಉತ್ತರ 0 ಅಂತ ಬರೆದು ಎದ್ದು ಹೋಗಬೇಕು ಅನಿಸುತ್ತದೆ, ಅಲ್ವಾ? ಹೋಗಬೇಡಿ, ಇದನ್ನು ಕೆ ಗೆ ಸಮ ಮಾಡಿ. ಕೆ·ವೈ² − ಎಕ್ಸ್²·ವೈ + ಕೆ·ಎಕ್ಸ್⁴ = 0. ವೈ ಗೆ ಇದು ಹೈಸ್ಕೂಲಿನ ವರ್ಗ ಸಮೀಕರಣ. ಬಿಡಿಸಿದರೆ ವೈ = ಎಕ್ಸ್²·(1 ± √(1 − 4ಕೆ²)) ÷ 2ಕೆ. ಆವರಣದಲ್ಲಿ ಇರುವುದೆಲ್ಲ ಬರೀ ಸಂಖ್ಯೆ. ಅಂದರೆ ಕಾಂಟೂರ್‌ಗಳೆಲ್ಲ ವೈ = ಸಿ·ಎಕ್ಸ್² ರೂಪದ ಪ್ಯಾರಾಬೋಲಾಗಳು! ಕೆ = 2/5 ಹಾಕಿ ನೋಡಿ, ವೈ = 2ಎಕ್ಸ್² ಮತ್ತು ವೈ = ಎಕ್ಸ್²/2 ಬರುತ್ತವೆ. ಎರಡರ ಮೇಲೂ ಬೆಲೆ 2/5, (0, 0)ಕ್ಕೆ ಎಷ್ಟೇ ಹತ್ತಿರ ಹೋದರೂ 2/5. ಅಕ್ಷದ ಮೇಲೆ 0. ಲಿಮಿಟ್ ಇಲ್ಲ. ಆ ಎಕ್ಸ್² ಹೀಗೆ ಬರುತ್ತದೆ, ಸುಮ್ನೆ ಹೊಳೆಯುವುದಲ್ಲ.

ಸ್ವಲ್ಪ ಅಭ್ಯಾಸ ಆದ ಮೇಲೆ ಇಂಥವಕ್ಕೆ ಸಮೀಕರಣ ಬಿಡಿಸುವುದೂ ಬೇಡ. ಛೇದದ ಎರಡು ಪದಗಳು ಒಂದೇ ವೇಗದಲ್ಲಿ ಸಣ್ಣದಾಗುವ ದಾರಿ ನೋಡಿದರೆ ಸಾಕು: ಎಕ್ಸ್⁴ ಮತ್ತು ವೈ² ಸಮ ಆಗಬೇಕಾದರೆ ವೈ ಅನ್ನುವುದು ಎಕ್ಸ್² ಥರ ಇರಬೇಕು. ಅಂಶದಲ್ಲಿ ಎಕ್ಸ್ ಘಾತ ಎ, ವೈ ಘಾತ ಬಿ, ಛೇದದಲ್ಲಿ ಎಕ್ಸ್ ಘಾತ ಸಿ, ವೈ ಘಾತ ಡಿ ಇದ್ದು, ಸಿ ಮತ್ತು ಡಿ ಸಮಸಂಖ್ಯೆಗಳಾಗಿ ನಡುವೆ ಪ್ಲಸ್ ಇದ್ದರೆ, ಎ/ಸಿ + ಬಿ/ಡಿ ಕೂಡಿ ನೋಡಿ. 1ಕ್ಕಿಂತ ಜಾಸ್ತಿ ಬಂದರೆ ಲಿಮಿಟ್ 0. 1 ಅಥವಾ ಕಮ್ಮಿ ಬಂದರೆ ಲಿಮಿಟ್ ಇಲ್ಲ. ಮೇಲಿನ ಲೆಕ್ಕದಲ್ಲಿ 2/4 + 1/2 = 1. ಅದೇ ಅಂಶ ಎಕ್ಸ್³·ವೈ ಆಗಿದ್ದರೆ 5/4, ಲಿಮಿಟ್ ಇದೆ. ಎಕ್ಸ್²·|ವೈ| ಯಾವಾಗಲೂ (ಎಕ್ಸ್⁴ + ವೈ²)/2ಕ್ಕಿಂತ ಹೆಚ್ಚಿರಲ್ಲ, ಹಾಗಾಗಿ ಫಂಕ್ಷನ್ |ಎಕ್ಸ್|/2 ಒಳಗೇ ಇರುತ್ತದೆ. ದಾರಿ ಹುಡುಕಲು ಶುರು ಮಾಡುವ ಮೊದಲು ಈ ಕೂಡುವ ಲೆಕ್ಕ ಮಾಡಿಕೊಂಡರೆ ಇಲ್ಲದ್ದನ್ನು ಹುಡುಕುವ ಶ್ರಮ ತಪ್ಪುತ್ತದೆ.

ಛೇದದಲ್ಲಿ ಮೈನಸ್ ಇದ್ದಾಗ ಈ ಉಪಾಯ ನಡೆಯಲ್ಲ. (ಎಕ್ಸ್³ + ವೈ³) ÷ (ಎಕ್ಸ್ − ವೈ) ತಗೊಳ್ಳಿ. ಘಾತ ನೋಡಿದರೆ ಮೇಲಿನದು ಬೇಗ ಸಾಯುತ್ತದೆ, ಉತ್ತರ 0 ಅನಿಸುತ್ತದೆ, ವೈ = ಎಂ·ಎಕ್ಸ್ ಮೇಲೆ 0 ಬರುವುದೂ ಹೌದು. ಆದರೆ ವೈ = ಎಕ್ಸ್ ರೇಖೆಯ ಮೇಲೆ ಛೇದ ಸೊನ್ನೆ. ಅನುಮಾನ ಬರಬೇಕಾದದ್ದು ಅಲ್ಲಿ. ಕೆ ಗೆ ಸಮ ಮಾಡಿದರೆ ಎಕ್ಸ್ − ವೈ = (ಎಕ್ಸ್³ + ವೈ³) ÷ ಕೆ. ಮೂಲಬಿಂದುವಿನ ಹತ್ತಿರ ಬಲಗಡೆಯದು ತುಂಬಾ ಸಣ್ಣದು, ಆದ್ದರಿಂದ ವೈ ಹೆಚ್ಚುಕಮ್ಮಿ ಎಕ್ಸ್. ಹಾಗಾದರೆ ಬಲಗಡೆ ಹೆಚ್ಚುಕಮ್ಮಿ 2ಎಕ್ಸ್³ ÷ ಕೆ. ದಾರಿ ಸಿಕ್ಕಿತು: ವೈ = ಎಕ್ಸ್ − ಸಿ·ಎಕ್ಸ್³. ಸಿ = 1 ಹಾಕಿದರೆ ಲಿಮಿಟ್ 2, ಸಿ = 2 ಹಾಕಿದರೆ 1. ಇದನ್ನು ಬೋರ್ಡಿನ ಮೇಲೆ ಮಾಡುವುದು ನನಗೆ ಬಹಳ ಇಷ್ಟ. ಇಂಥ ದಾರಿಯನ್ನು ಊಹೆಯಿಂದ ಹಿಡಿಯುವವರು ಕಮ್ಮಿ, ಹೀಗೆ ಬಿಡಿಸಿದರೆ ಯಾರಿಗೆ ಬೇಕಾದರೂ ಸಿಗುತ್ತದೆ.

ಪೋಲಾರ್ ರೂಪಕ್ಕೆ (ಮೂಲಬಿಂದುವಿನಿಂದ ಇರುವ ದೂರ ಆರ್, ಕೋನ ಥೀಟಾ) ಹಾಕಿ, ಆರ್ ಸೊನ್ನೆಗೆ ಹೋದಾಗ ಎಲ್ಲ ಸೊನ್ನೆ ಆಯ್ತು ಅನ್ನುವವರಿಗೆ ಒಂದು ಮಾತು. ಥೀಟಾವನ್ನು ಒಂದು ಕಡೆ ನಿಲ್ಲಿಸಿ ಆರ್ ಮಾತ್ರ ಸಣ್ಣದು ಮಾಡಿದರೆ ನೀವು ನಡೆದದ್ದು ಮತ್ತೆ ಸರಳರೇಖೆಯ ಮೇಲೇ. ಪ್ಯಾರಾಬೋಲಾದ ಮೇಲೆ ಬರುವಾಗ ಥೀಟಾ ಕೂಡ ಜೊತೆಯಲ್ಲೇ ಬದಲಾಗುತ್ತದೆ. ಥೀಟಾ ಇಲ್ಲದ, ಬರೀ ಆರ್ ಇರುವ ಒಂದು ಮಿತಿಯೊಳಗೆ ಫಂಕ್ಷನ್ನನ್ನು ಕೂರಿಸಲು ಆದರೆ ಮಾತ್ರ ಪೋಲಾರ್ ನಂಬಬಹುದು. ಎಕ್ಸ್²·ವೈ ÷ (ಎಕ್ಸ್² + ವೈ²) ಹಾಗೆ ಆರ್ ಒಳಗೆ ಕೂರುತ್ತದೆ.

ಇದೆಲ್ಲ ಮಕ್ಕಳಿಗೆ ಮಾತ್ರ ಕಷ್ಟ ಅಂದುಕೊಳ್ಳಬೇಡಿ. 1821ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ ಅಂಥವರೇ, ಒಂದೊಂದೇ ಚರಾಕ್ಷರಕ್ಕೆ ನಿರಂತರವಾಗಿರುವ (ಅಂದರೆ ಬಿಂದುವಿನಲ್ಲಿ ಲಿಮಿಟ್ ಮತ್ತು ಬೆಲೆ ಒಂದೇ ಆಗಿರುವ) ಫಂಕ್ಷನ್ ಒಟ್ಟಿಗೂ ನಿರಂತರ ಅಂತ ಬರೆದಿದ್ದರು. (0, 0)ದಲ್ಲಿ ಬೆಲೆ 0 ಅಂತ ಇಟ್ಟರೆ ನಮ್ಮ ಮೊದಲ ಉದಾಹರಣೆಯೇ ಅದನ್ನು ಸುಳ್ಳು ಮಾಡುತ್ತದೆ. ಎಲ್ಲ ಸರಳರೇಖೆಯ ಮೇಲೂ ಸರಿಯಾಗಿದ್ದು ಒಟ್ಟಿಗೆ ಕೈಕೊಡುವ ಎಕ್ಸ್·ವೈ² ÷ (ಎಕ್ಸ್² + ವೈ⁴) ಥರದ್ದು, ಇಟಲಿಯ ಗಣಿತಜ್ಞ ಜೆನೊಕಿ ಅವರ ಪಾಠಗಳನ್ನು ಅಲ್ಲಿನವರೇ ಆದ ಪಿಯಾನೊ 1884ರಲ್ಲಿ ಪುಸ್ತಕವಾಗಿ ತಂದಾಗ ಬೆಳಕಿಗೆ ಬಂತು.

ವೈ = ಸಿ·ಎಕ್ಸ್ⁿ ಎಲ್ಲ ಘಾತಕ್ಕೂ ಹಾಕಿ ನೋಡಿದರೆ ಸಾಕಾಗುತ್ತದಾ ಅಂತ ಚುರುಕಾದವರು ಕೇಳುತ್ತಾರೆ. ಸಾಕಾಗಲ್ಲ. ಇ (2.718…) ಸಂಖ್ಯೆಯ ಘಾತ −1/ಎಕ್ಸ್² ಅನ್ನುವುದಕ್ಕೆ ಪಿ ಅಂತ ಹೆಸರಿಡಿ. ಪಿ·ವೈ ÷ (ಪಿ² + ವೈ²) ತಗೊಂಡರೆ, ಎಕ್ಸ್ ಸೊನ್ನೆಯ ಹತ್ತಿರ ಹೋದಂತೆ ಪಿ ಯಾವ ಘಾತಕ್ಕಿಂತಲೂ ಬೇಗ ಸಣ್ಣದಾಗುವುದರಿಂದ ಅಂಥ ಎಲ್ಲ ದಾರಿಯಲ್ಲೂ 0 ಬರುತ್ತದೆ. ಕೆ ಗೆ ಸಮ ಮಾಡಿ ವರ್ಗ ಸಮೀಕರಣ ಬಿಡಿಸಿ: ವೈ = ಸಿ·ಪಿ. ಸಿ = 1 ಹಾಕಿದರೆ ಬೆಲೆ 1/2.

ಪರೀಕ್ಷೆಯಲ್ಲಿ ಇದನ್ನೆಲ್ಲ ಬರೆಯಬೇಕಾಗಿಲ್ಲ. ಕೆ ಗೆ ಸಮ ಮಾಡುವ ಕೆಲಸ ರಫ್ ಹಾಳೆಯಲ್ಲಿರಲಿ. ಉತ್ತರ ಪತ್ರಿಕೆಯಲ್ಲಿ ಎರಡು ದಾರಿ, ಎರಡೂ ಆ ಬಿಂದುವಿಗೆ ಸೇರುತ್ತವೆ ಅನ್ನುವ ಒಂದು ಸಾಲು, ಎರಡು ಬೇರೆ ಬೆಲೆ, ಆದ್ದರಿಂದ ಲಿಮಿಟ್ ಇಲ್ಲ. ಬಿಂದುವಿಗೆ ಸೇರುವ ಸಾಲನ್ನು ಮಾತ್ರ ಬಿಡಬೇಡಿ.